ಗುದನಾಳದ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಕರುಳು ಖಾಲಿ ಮಾಡಿಸೋದು ಯಾಕೆ?

ತಿಪಟೂರಿನ ಕಡೆ ತೆಂಗಿನ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನಿಗೆ ಗುದನಾಳದ ಕ್ಯಾನ್ಸರ್ ಆಪರೇಷನ್‌ಗೆ ದಿನ ಗೊತ್ತಾಯಿತು. ಆಸ್ಪತ್ರೆಯಲ್ಲಿ ಕೈಗೊಂದು ಚೀಟಿ ಕೊಟ್ಟರು. ನೀರಲ್ಲಿ ಕಲಸಿ ಕುಡಿಯೋ ಪೌಡರ್, ಎರಡು ಥರದ ಮಾತ್ರೆ, ಏನು ತಿನ್ನಬೇಕು ಏನು ತಿನ್ನಬಾರದು ಅನ್ನೋ ಪಟ್ಟಿ. ಮನೆಗೆ ಬಂದ ಸಂಜೆಯೇ ಫ್ಯಾಮಿಲಿ ಗ್ರೂಪಿನಲ್ಲಿ ಚರ್ಚೆ ಶುರುವಾಯಿತು. ಹೊರದೇಶದಲ್ಲಿರುವ ತಮ್ಮನೊಬ್ಬ, "ಆಪರೇಷನ್‌ಗೆ ಮುಂಚೆ ಭೇದಿ ಮಾಡಿಸೋದು ಹಳೇ ಪದ್ಧತಿ, ಅದರಿಂದ ಉಪಯೋಗ ಇಲ್ಲ ಅಂತ ಸಾಬೀತಾಗಿದೆ" ಅಂತ ಬರೆದ. ದೊಡ್ಡಮ್ಮ, "ಆ ಪೌಡರ್ ಯಾಕೆ, ಹರಳೆಣ್ಣೆ ಸಾಕಲ್ವಾ?" ಅಂದರು. ದೊಡ್ಡಪ್ಪ ಮಾತ್ರ ನೇರವಾಗಿ ಕೇಳಿದರು: "ಹೊಟ್ಟೆ ಕೊಯ್ಯೋರು ಅವರು. ಒಳಗಿರೋದನ್ನ ಅವರೇ ಕ್ಲೀನ್ ಮಾಡ್ಕೋಬಾರ್ದಾ?"

ಮೂರೂ ಸರಿಯಾದ ಪ್ರಶ್ನೆಗಳೇ. ತಮ್ಮ ಹೇಳಿದ್ದು ಸುಳ್ಳೂ ಅಲ್ಲ. ಆದರೆ ಅದು ಬೇರೆ ಆಪರೇಷನ್ ಬಗ್ಗೆ ಇದ್ದ ಮಾತು. ಈ ಗೊಂದಲ ತುಂಬಾ ಮನೆಗಳಲ್ಲಿ ಆಗುತ್ತದೆ, ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ಮೊದಲು, ಗುದನಾಳ ಅಂದ್ರೆ ಎಲ್ಲಿ

ನಾವು ತಿಂದದ್ದು ಸಣ್ಣ ಕರುಳಲ್ಲಿ ಜೀರ್ಣವಾಗಿ, ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಹೊಟ್ಟೆಯ ಬಲಗಡೆ ಮೇಲೇರಿ, ಅಡ್ಡಕ್ಕೆ ಹೋಗಿ, ಎಡಗಡೆ ಕೆಳಗಿಳಿಯುತ್ತದೆ. ಇದರ ಕೊನೆಯ ಸುಮಾರು 15 ಸೆಂಟಿಮೀಟರ್ ಗುದನಾಳ. ಒಂದು ಗೇಣಿಗಿಂತ ಕಡಿಮೆ. ಮಲ ಹೊರಹೋಗುವ ಮುಂಚೆ ನಿಲ್ಲುವ ಜಾಗ ಇದು.

ಈ ಜಾಗದ ಕಷ್ಟ ಏನಂದ್ರೆ, ಇದು ಸೊಂಟದ ಮೂಳೆಗಳ ನಡುವೆ, ಆಳದಲ್ಲಿ, ಇಕ್ಕಟ್ಟಾಗಿ ಕೂತಿದೆ. ಮುಂದೆ ಮೂತ್ರಕೋಶ, ಗಂಡಸರಲ್ಲಿ ಪ್ರಾಸ್ಟೇಟ್, ಹೆಂಗಸರಲ್ಲಿ ಗರ್ಭಕೋಶ. ಹಿಂದೆ ಬೆನ್ನಮೂಳೆಯ ಕೊನೆ. ಬಾವಿಯೊಳಗೆ ಕೈ ಇಳಿಬಿಟ್ಟು ಪೈಪ್ ಜೋಡಿಸಿದ ಹಾಗೆ ಡಾಕ್ಟರ್ ಕೆಲಸ ಮಾಡಬೇಕು. ಗಡ್ಡೆಯನ್ನಷ್ಟೇ ಕತ್ತರಿಸಿದರೆ ಸಾಲದು, ಗುದನಾಳದ ಸುತ್ತ ಇರುವ ಕೊಬ್ಬಿನ ಹೊದಿಕೆಯನ್ನೂ ಹರಿಯದಂತೆ ಇಡಿಯಾಗಿ ತೆಗೆಯಬೇಕು, ಯಾಕಂದ್ರೆ ಕ್ಯಾನ್ಸರ್ ಮೊದಲು ಹರಡುವುದು ಅಲ್ಲಿರುವ ಗ್ರಂಥಿಗಳಿಗೆ. ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಯಾಯಿತು.

ತೆಗೆದ ಮೇಲೆ ಉಳಿದ ಕರುಳನ್ನು ಕೆಳಗೆಳೆದು ಗುದದ ಹತ್ತಿರದ ತುದಿಗೆ ಜೋಡಿಸುತ್ತಾರೆ. ಬಹಳ ಸಲ ಇದನ್ನು ಗುದದ್ವಾರದ ಮೂಲಕ ತೂರಿಸಿದ ದುಂಡನೆಯ ಸ್ಟೇಪ್ಲರ್‌ನಿಂದ ಮಾಡುತ್ತಾರೆ. ಅಸಲಿ ವಿಷಯ ಇರೋದು ಈ ಜಾಯಿಂಟ್‌ನಲ್ಲಿ.

ಜಾಯಿಂಟ್ ಯಾಕೆ ಲೀಕ್ ಆಗುತ್ತದೆ

ದೊಡ್ಡಪ್ಪನಿಗೆ ಅರ್ಥವಾಗಿದ್ದು ತೋಟದ ಪೈಪಿನ ಮಾತಿನಿಂದ. ಪಿವಿಸಿ ಪೈಪ್ ಒಡೆದರೆ ಏನು ಮಾಡುತ್ತೇವೆ? ಮೋಟಾರ್ ಆಫ್ ಮಾಡುತ್ತೇವೆ, ಪೈಪಿನಲ್ಲಿರೋ ನೀರು ಬಿಡುತ್ತೇವೆ, ತುದಿಯ ಕೆಸರು ಬಟ್ಟೇಲಿ ಒರೆಸುತ್ತೇವೆ, ಆಮೇಲೆ ಸಲ್ಯೂಷನ್ ಹಚ್ಚಿ ಕೂರಿಸುತ್ತೇವೆ. ಕೆಸರು ಮೆತ್ತಿದ ಪೈಪಿಗೆ ಸಲ್ಯೂಷನ್ ಹಚ್ಚಿದರೆ ಆ ಕ್ಷಣಕ್ಕೆ ಹಿಡಿದ ಹಾಗೆ ಕಾಣುತ್ತದೆ, ಮೋಟಾರ್ ಹಾಕಿದಾಗ ಬಿಡುತ್ತದೆ.

ಕರುಳಿನ ಜಾಯಿಂಟ್ ಇನ್ನೂ ಸೂಕ್ಷ್ಮ, ಯಾಕಂದ್ರೆ ಅದು ಅಂಟಿನಿಂದ ನಿಲ್ಲುವುದಿಲ್ಲ. ಸ್ಟೇಪಲ್ ಪಿನ್ನುಗಳು ಕೆಲವು ದಿನ ಹಿಡಿದಿಟ್ಟುಕೊಳ್ಳುತ್ತವೆ ಅಷ್ಟೇ. ಅಷ್ಟರಲ್ಲಿ ದೇಹವೇ ಎರಡು ತುದಿಗಳನ್ನು ಬೆಸೆಯಬೇಕು. ಆ ಬೆಸುಗೆಗೆ ಬೇಕಾದ ಮುಖ್ಯ ನಾರು ಕೊಲಾಜೆನ್ ಅನ್ನೋ ಪ್ರೋಟೀನ್. ರಕ್ತ ಚೆನ್ನಾಗಿ ಬರಬೇಕು, ಎಳೆತ ಇರಬಾರದು, ಸೋಂಕು ಆಗಬಾರದು. ಬೆಸುಗೆ ಕೂಡದಿದ್ದರೆ ಕರುಳೊಳಗಿನದ್ದು ಹೊಟ್ಟೆಯೊಳಕ್ಕೆ ಸೋರುತ್ತದೆ. ಇದನ್ನೇ ಡಾಕ್ಟರುಗಳು ಲೀಕ್ ಅನ್ನುತ್ತಾರೆ. ಜ್ವರ, ಹೊಟ್ಟೆನೋವು, ಎದೆಬಡಿತ ಜೋರಾಗುವುದು, ಕೀವು, ಕೆಲವೊಮ್ಮೆ ಎರಡನೇ ಆಪರೇಷನ್, ಕೆಲವೊಮ್ಮೆ ಜೀವಕ್ಕೇ ಅಪಾಯ. ಕೀಮೋ ಬೇಕಾದವರಿಗೆ ಅದೂ ಮುಂದೆ ಹೋಗುತ್ತದೆ.

ಜಾಯಿಂಟ್ ಗುದದ್ವಾರಕ್ಕೆ ಹತ್ತಿರವಾದಷ್ಟೂ ಲೀಕ್ ಆಗುವ ಸಂಭವ ಜಾಸ್ತಿ. ತುಂಬಾ ಜನರಿಗೆ ಆಪರೇಷನ್‌ಗೆ ಮುಂಚೆ ರೇಡಿಯೇಷನ್ ಕೂಡ ಕೊಟ್ಟಿರುತ್ತಾರೆ, ಆ ಜಾಗದ ಚರ್ಮ ಮಾಂಸ ಎಲ್ಲ ಗಾಯ ಮಾಯುವುದರಲ್ಲಿ ನಿಧಾನ. ಬೀಡಿ ಸಿಗರೇಟು, ರಕ್ತಹೀನತೆ, ಸೊರಗಿದ ದೇಹ, ಇವೂ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಕೆಲವನ್ನು ನಾವು ಬದಲಾಯಿಸಲಾಗದು. ಕರುಳಿನ ಒಳಗಿರುವುದನ್ನು ಮಾತ್ರ ಹಿಂದಿನ ದಿನವೇ ಬದಲಾಯಿಸಬಹುದು.

ಪೌಡರ್ ಮಾಡೋ ಕೆಲಸ

ಆ ಪೌಡರಿನಲ್ಲಿರೋದು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳು. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಪ್ಯಾಕೆಟ್ಟನ್ನು ಎರಡು ಲೀಟರ್ ನೀರಿಗೆ ಕಲಸುತ್ತಾರೆ. ಈ ವಸ್ತುವಿನ ಕಣ ದೊಡ್ಡದು, ಕರುಳು ಅದನ್ನು ಹೀರಿಕೊಳ್ಳೋದಿಲ್ಲ. ತನ್ನ ಜೊತೆ ಬಂದ ನೀರನ್ನೂ ಬಿಟ್ಟುಕೊಡೋದಿಲ್ಲ. ಹಾಗಾಗಿ ಕುಡಿದ ನೀರು ಬಹುತೇಕ ಹಾಗೇ ಕರುಳುದ್ದಕ್ಕೂ ಹರಿದು, ಎಲ್ಲವನ್ನೂ ಕೊಚ್ಚಿಕೊಂಡು ಹೊರಬರುತ್ತದೆ. ಲವಣಗಳನ್ನು ಅಳತೆ ಮಾಡಿ ಹಾಕಿರುವುದರಿಂದ ಮೈಯಿಂದ ಹೆಚ್ಚು ಉಪ್ಪು ಹೊರಗೂ ಹೋಗೋದಿಲ್ಲ, ಒಳಗೂ ಬರೋದಿಲ್ಲ. ಹರಳೆಣ್ಣೆ ಹೀಗಲ್ಲ. ಅದು ಕರುಳನ್ನು ಕೆರಳಿಸಿ ಹಿಂಡಿಸಿ ಭೇದಿ ಮಾಡಿಸುತ್ತದೆ. ಹೊಟ್ಟೆ ನುಲಿಯುತ್ತದೆ, ನೀರು ಲವಣ ಎರಡೂ ಹೋಗುತ್ತವೆ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಇಷ್ಟೇ.

ಈ ಪೌಡರ್ ಬರುವ ಮುಂಚೆ ರೋಗಿಗಳು ಪಟ್ಟ ಪಾಡು ಓದಿದರೆ ಸಂಕಟವಾಗುತ್ತದೆ. ದಿನಗಟ್ಟಲೆ ಬರೀ ನೀರಾಹಾರ, ಮೇಲಿಂದ ಮೇಲೆ ಎನಿಮಾ, ಮೂಗಿನಿಂದ ನಳಿಕೆ ಇಳಿಸಿ ಲೀಟರುಗಟ್ಟಲೆ ಉಪ್ಪುನೀರು. ಮ್ಯಾನಿಟಾಲ್ ಅನ್ನೋ ಸಕ್ಕರೆ ಜಾತಿಯ ಔಷಧವನ್ನೂ ಕೊಡುತ್ತಿದ್ದರು. ಅದನ್ನು ಕರುಳಿನ ಬ್ಯಾಕ್ಟೀರಿಯಾ ತಿಂದು ಹೈಡ್ರೋಜನ್ ಗ್ಯಾಸ್ ಮಾಡುತ್ತಿತ್ತು, ಕರೆಂಟಿನ ಸಲಕರಣೆ ತಾಗಿ ಒಳಗೇ ಸ್ಫೋಟವಾದ ಪ್ರಕರಣಗಳಿವೆ. 1980ರಲ್ಲಿ ಅಮೆರಿಕದ ಡಾಲಸ್‌ನಲ್ಲಿ ಜಾನ್ ಫೋರ್ಡ್‌ಟ್ರಾನ್ ಅವರ ತಂಡ ಈಗಿನ ಮಿಶ್ರಣವನ್ನು ರೂಪಿಸಿತು. ಇದಕ್ಕೆ ಸಕ್ಕರೆ ಬೆಲ್ಲ ಬೆರೆಸಬೇಡಿ ಅನ್ನೋದೂ ಅದೇ ಕಾರಣಕ್ಕೆ, ಬ್ಯಾಕ್ಟೀರಿಯಾಗೆ ಊಟ ಹಾಕಿದ ಹಾಗಾಗುತ್ತದೆ.

ಪಾತ್ರೆ ಖಾಲಿಯಾದರೂ ಹೆಪ್ಪು ಉಳಿದಿರುತ್ತದೆ

ಇಲ್ಲಿ ಒಂದು ವಿಷಯ ಬಹಳ ವರ್ಷ ಡಾಕ್ಟರುಗಳನ್ನೂ ದಾರಿ ತಪ್ಪಿಸಿತ್ತು. ಮೊಸರಿನ ಪಾತ್ರೆ ಖಾಲಿ ಮಾಡಿ, ನೀರು ಹಾಕಿ ಕುಲುಕಿ ಚೆಲ್ಲಿ, ಅದಕ್ಕೆ ಉಗುರುಬೆಚ್ಚಗಿನ ಹಾಲು ಹಾಕಿಡಿ. ಬೇರೆ ಹೆಪ್ಪು ಹಾಕದಿದ್ದರೂ ಬೆಳಿಗ್ಗೆಗೆ ಹಾಲು ಗಟ್ಟಿಯಾಗಿರುತ್ತದೆ. ಪಾತ್ರೆಯ ಗೋಡೆಗೆ ಮೆತ್ತಿಕೊಂಡಿದ್ದ ತೆಳು ಪದರವೇ ಸಾಕಾಯಿತು.

ಕರುಳೂ ಅಷ್ಟೇ. ದೊಡ್ಡ ಕರುಳಿನಲ್ಲಿರುವ ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಪೌಡರ್ ಕುಡಿದಾಗ ಮಲ ಹೋಗುತ್ತದೆ, ಆದರೆ ಕರುಳಿನ ಗೋಡೆಯ ಲೋಳೆಯಲ್ಲಿ ಅವು ಕೂತೇ ಇರುತ್ತವೆ. ಸುಮ್ಮನೆ ಖಾಲಿ ಮಾಡೋದು ಬೇರೆ, ರೋಗಾಣು ಕಡಿಮೆ ಮಾಡೋದು ಬೇರೆ. ಎರಡನೇ ಕೆಲಸ ಮಾಡೋದು ಚೀಟಿಯಲ್ಲಿದ್ದ ಆ ಮಾತ್ರೆಗಳು.

ಮಾತ್ರೆಗಳು ಸಾಮಾನ್ಯವಾಗಿ ನಿಯೋಮೈಸಿನ್ ಮತ್ತು ಮೆಟ್ರೊನಿಡಜೋಲ್, ಅಥವಾ ನಿಯೋಮೈಸಿನ್ ಮತ್ತು ಎರಿತ್ರೋಮೈಸಿನ್. ನಿಯೋಮೈಸಿನ್ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಬೇರೆ ಕಾಯಿಲೆಗಳಿಗೆ ಇದು ದೋಷ, ಇಲ್ಲಿ ಅದೇ ಗುಣ. ನುಂಗಿದ್ದು ಕರುಳಲ್ಲೇ ಉಳಿದು ಗೋಡೆ ಮೇಲಿನ ರೋಗಾಣುವನ್ನು ಹೊಡೆಯುತ್ತದೆ. 1973ರಲ್ಲಿ ಅಮೆರಿಕದ ನಿಕೋಲ್ಸ್ ಮತ್ತು ಕಾಂಡನ್ ಅವರ ತಂಡ ಹಿಂದಿನ ದಿನ ಮಧ್ಯಾಹ್ನ 1 ಗಂಟೆ, 2 ಗಂಟೆ, ರಾತ್ರಿ 11 ಗಂಟೆಗೆ ಮಾತ್ರೆ ಕೊಡುವ ಕ್ರಮ ತಂದಿತು. ಇವತ್ತಿಗೂ ಎಷ್ಟೋ ಕಡೆ ಚೀಟಿಯಲ್ಲಿ ಬರುವ ಹೊತ್ತುಗಳು ಇದರ ಜಾಡೇ.

ಆಪರೇಷನ್ ಟೇಬಲ್ ಮೇಲೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಡುತ್ತಾರಲ್ಲ, ಅದು ಸಾಲದಾ? ಅದು ಬೇಕೇ ಬೇಕು, ಗಾಯ ಮಾಡುವ ಮುಂಚಿನ ಒಂದು ಗಂಟೆಯೊಳಗೆ ಕೊಡುತ್ತಾರೆ. ಆದರೆ ಅದು ಒಳಗಿನ ಮಾಂಸವನ್ನು ಕಾಯುತ್ತದೆ, ಕರುಳಿನ ಒಳಮೈಗೆ ಅಷ್ಟಾಗಿ ತಲುಪುವುದಿಲ್ಲ. 2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಒಂದು ವಿಷಯ ತೋರಿಸಿತು. ಎಂಟರೊಕಾಕಸ್ ಫೀಕಾಲಿಸ್ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಕೊಲಾಜೆನ್ನನ್ನೇ ಕರಗಿಸಿ ಜಾಯಿಂಟ್ ಬಿಡಿಸುತ್ತಿತ್ತು. ಚುಚ್ಚುಮದ್ದಿನ ಆಂಟಿಬಯೋಟಿಕ್ಕಿಗೆ ಅದು ಬಗ್ಗಲಿಲ್ಲ, ಕರುಳಿಗೇ ನೇರವಾಗಿ ಹಾಕಿದಾಗ ಬಗ್ಗಿತು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಹಾಗೇ ಅಂತ ಹೇಳಲಾಗದು. ಆದರೆ ನುಂಗುವ ಮಾತ್ರೆ ಯಾಕೆ ಬೇಕು ಅನ್ನೋದಕ್ಕೆ ಇದು ಒಳ್ಳೆ ಸುಳಿವು.

ಹಾಗಾದ್ರೆ 'ಬೇಡ' ಅಂದವರು ಯಾರು?

ತಮ್ಮನ ಮಾತಿಗೆ ಬರೋಣ. 2011ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆ 18 ಪ್ರಯೋಗಗಳ, ಒಟ್ಟು 5,805 ರೋಗಿಗಳ ಲೆಕ್ಕ ಒಟ್ಟುಗೂಡಿಸಿ ನೋಡಿತು. ಬರೀ ಕರುಳು ಖಾಲಿ ಮಾಡಿಸಿದವರಿಗೂ ಮಾಡಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 'ಬೇಡ' ಅನ್ನೋ ಮಾತು ಬಲವಾಗಿದ್ದು ಇಂಥ ಫಲಿತಾಂಶಗಳಿಂದ. ಆದರೆ ಎರಡು ವಿಷಯ ಗಮನಿಸಬೇಕು. ಅಲ್ಲಿದ್ದವರಲ್ಲಿ ಹೆಚ್ಚಿನವರದ್ದು ಮೇಲಿನ ದೊಡ್ಡ ಕರುಳಿನ ಆಪರೇಷನ್. ಮತ್ತೆ ಅಲ್ಲಿ ಪರೀಕ್ಷೆಯಾದದ್ದು ಖಾಲಿ ಮಾಡಿಸುವುದು ಮಾತ್ರ, ನುಂಗುವ ಮಾತ್ರೆ ಅಲ್ಲ.

ಗುದನಾಳವನ್ನೇ ಬೇರೆಯಾಗಿ ನೋಡಿದ್ದು ಫ್ರಾನ್ಸಿನವರು. 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಗುದನಾಳದ ಕ್ಯಾನ್ಸರಿನ 178 ಜನರಿದ್ದರು. ಕರುಳು ಖಾಲಿ ಮಾಡಿಸದ ಗುಂಪಿನಲ್ಲಿ ನೂರಕ್ಕೆ 34 ಜನರಿಗೆ ಸೋಂಕಿನ ತೊಂದರೆಯಾಯಿತು, ಮಾಡಿಸಿದ ಗುಂಪಿನಲ್ಲಿ 16 ಜನರಿಗೆ. ಲೀಕ್ ಕೂಡ ಮಾಡಿಸದವರಲ್ಲಿ ನೂರಕ್ಕೆ 19, ಮಾಡಿಸಿದವರಲ್ಲಿ 10 ಇತ್ತು, ಆದರೆ ಜನ ಕಡಿಮೆ ಇದ್ದದ್ದರಿಂದ ಆ ವ್ಯತ್ಯಾಸವನ್ನು ಖಚಿತ ಅನ್ನಲಾಗಲಿಲ್ಲ.

ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿದ್ದು ಫಿನ್ಲೆಂಡಿನ ಕತೆ. 2019ರಲ್ಲಿ ಅಲ್ಲಿನ ತಂಡ ಮೇಲಿನ ದೊಡ್ಡ ಕರುಳಿನ ಆಪರೇಷನ್‌ನಲ್ಲಿ ಪೌಡರ್ ಮತ್ತು ಮಾತ್ರೆ ಎರಡನ್ನೂ ಕೊಟ್ಟು ನೋಡಿತು, ಏನೂ ಕೊಡದವರಿಗಿಂತ ಲಾಭವೇನೂ ಕಾಣಲಿಲ್ಲ. ಅವರು ಅಲ್ಲಿಗೆ ಬಿಡಲಿಲ್ಲ. ಗುದನಾಳಕ್ಕೆ ಬೇರೆ ಪ್ರಯೋಗ ಮಾಡಿದರು, 2024ರಲ್ಲಿ ಪ್ರಕಟವಾಯಿತು. 565 ಜನ. ಎಲ್ಲರಿಗೂ ಕರುಳು ಖಾಲಿ ಮಾಡಿಸಿದರು. ಅರ್ಧದಷ್ಟು ಜನರಿಗೆ ನಿಯೋಮೈಸಿನ್, ಮೆಟ್ರೊನಿಡಜೋಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ. ಸಪ್ಪೆ ಮಾತ್ರೆಯವರಲ್ಲಿ ಲೀಕ್ ನೂರಕ್ಕೆ 13.5, ನಿಜವಾದ ಮಾತ್ರೆಯವರಲ್ಲಿ 5.8. ಆಪರೇಷನ್ ಆದ ಜಾಗದ ಸೋಂಕು 16.7ರಿಂದ 8.3ಕ್ಕೆ ಇಳಿದಿತ್ತು. ಎರಡೂ ಹೆಚ್ಚುಕಡಿಮೆ ಅರ್ಧಕ್ಕೆ ಬಂದವು. ಅದೇ ದೇಶ, ಅದೇ ತಂಡ, ಕರುಳಿನ ಎರಡು ಜಾಗ, ಎರಡು ಉತ್ತರ. ತಮ್ಮ ಓದಿದ್ದು ಮೊದಲನೇ ಉತ್ತರ, ದೊಡ್ಡಪ್ಪನ ಚೀಟಿಯಲ್ಲಿದ್ದದ್ದು ಎರಡನೆಯದು.

ಮೇಲೆ ವಾಲ್ವ್ ಮುಚ್ಚಿದರೆ ಸಾಕಲ್ವಾ?

ಕೆಳಗಿನ ಜಾಯಿಂಟ್ ಇರುವವರಿಗೆ ಡಾಕ್ಟರ್ ಬಹಳ ಸಲ ಹೊಟ್ಟೆಯ ಬಲಗಡೆ ಸಣ್ಣ ಕರುಳಿನ ಒಂದು ಸುತ್ತನ್ನು ಹೊರಗೆ ತಂದು ಬ್ಯಾಗ್ ಹಾಕುತ್ತಾರೆ. ಕೆಲವು ತಿಂಗಳ ಮಟ್ಟಿಗೆ ಮಲ ಅಲ್ಲೇ ಬ್ಯಾಗಿಗೆ ಬರುತ್ತದೆ, ಕೆಳಗಿನ ಜಾಯಿಂಟಿಗೆ ವಿಶ್ರಾಂತಿ. ಆಮೇಲೆ ಅದನ್ನು ಮುಚ್ಚುತ್ತಾರೆ. "ಹಾಗಾದ್ರೆ ಕ್ಲೀನ್ ಮಾಡೋದ್ಯಾಕೆ, ಮಲ ಕೆಳಗೆ ಹೋಗೋದೇ ಇಲ್ವಲ್ಲ" ಅಂದರು ದೊಡ್ಡಪ್ಪ.

ತೋಟಕ್ಕೇ ವಾಪಸ್ ಬರೋಣ. ಟ್ಯಾಂಕಿನ ಹತ್ತಿರದ ಗೇಟ್ ವಾಲ್ವ್ ಮುಚ್ಚಿದಿರಿ. ಹೊಸ ನೀರು ಬರೋದಿಲ್ಲ, ಸರಿ. ಆದರೆ ವಾಲ್ವ್‌ನಿಂದ ಜಾಯಿಂಟ್ ತನಕ ಇರೋ ಪೈಪಿನಲ್ಲಿ ಕೆಸರು ತುಂಬಿದ್ದರೆ? ಅದು ಇಳಿದು ಜಾಯಿಂಟಿಗೇ ಬರುತ್ತದೆ. ಬ್ಯಾಗ್ ಸಣ್ಣ ಕರುಳಿನ ಕೊನೆಯಲ್ಲಿದೆ, ಜಾಯಿಂಟ್ ಗುದದ ಹತ್ತಿರ. ನಡುವೆ ದೊಡ್ಡ ಕರುಳು ಬಹುತೇಕ ಪೂರ್ತಿ ಇದೆ. ಅದು ಖಾಲಿ ಇಲ್ಲದಿದ್ದರೆ ಬ್ಯಾಗ್ ಹಾಕಿಯೂ ಅರ್ಧ ಉಪಯೋಗ. ಗುದನಾಳದ ಆಪರೇಷನ್‌ನಲ್ಲಿ ಕರುಳು ಖಾಲಿ ಇರಬೇಕು ಅನ್ನೋದಕ್ಕೆ ಇದು ತುಂಬಾ ಸರಳವಾದ ಕಾರಣ, ಆದರೂ ಇದನ್ನು ರೋಗಿಗೆ ಬಿಡಿಸಿ ಹೇಳೋರು ಕಡಿಮೆ.

ಅವರೇ ಕ್ಲೀನ್ ಮಾಡ್ಕೋಬಾರ್ದಾ ಅನ್ನೋದಕ್ಕೆ: ಒಂದು ಪಾಲು ಅವರೂ ಮಾಡುತ್ತಾರೆ. ಗಡ್ಡೆಯ ಕೆಳಗೆ ಕ್ಲಾಂಪ್ ಹಾಕಿ ಗುದದ್ವಾರದ ಕಡೆಯಿಂದ ಉಳಿದ ಭಾಗವನ್ನು ತೊಳೆಯುತ್ತಾರೆ, ಸಡಿಲಾಗಿ ಉದುರಿರಬಹುದಾದ ಕ್ಯಾನ್ಸರ್ ಕಣಗಳು ಜಾಯಿಂಟ್‌ನಲ್ಲಿ ಸಿಕ್ಕಿಕೊಳ್ಳಬಾರದು ಅಂತ. ಆದರೆ ಒಂದೂವರೆ ಮೀಟರ್ ಕರುಳನ್ನು ಟೇಬಲ್ ಮೇಲೆ ತೊಳೆಯೋದು ದೊಡ್ಡ ಕೆಲಸ, ಹೊತ್ತೂ ಹಿಡಿಯುತ್ತದೆ, ಚೆಲ್ಲುವ ಭಯವೂ ಇದೆ.

ಆ ದಿನ ಮನೆಯಲ್ಲಿ

ಕೆಲವರಿಗೆ ಆಸ್ಪತ್ರೆಯಲ್ಲೇ ಕುಡಿಸುತ್ತಾರೆ, ಕೆಲವರಿಗೆ ಮನೆಯಲ್ಲಿ. ಒಂದೆರಡು ದಿನ ಮುಂಚಿನಿಂದ ನಾರಿನ ಅಂಶ ಕಡಿಮೆ ಇರೋ ಊಟ: ಬಿಳಿ ಅನ್ನ, ಮೊಸರು, ಇಡ್ಲಿ, ಗಂಜಿ. ಸೊಪ್ಪು, ಮೊಳಕೆ ಕಾಳು, ರಾಗಿ ಮುದ್ದೆ, ಸೀಬೆಹಣ್ಣು, ಬೀಜ ಇರೋ ಟೊಮೆಟೊ ಬೇಡ. ದೊಡ್ಡಪ್ಪನಿಗೆ ಮುದ್ದೆ ಬಿಡೋದೇ ಆಪರೇಷನ್‌ಗಿಂತ ದೊಡ್ಡ ದುಃಖ ಆಗಿತ್ತು. ಹಿಂದಿನ ದಿನ ಬರೀ ತಿಳಿ ದ್ರವ: ಎಳನೀರು, ಸೋಸಿದ ನಿಂಬೆ ಪಾನಕ, ಬೇಳೆ ಇಲ್ಲದ ತಿಳಿಸಾರು, ಹಾಲು ಹಾಕದ ಟೀ. ಹಾಲು, ಮಜ್ಜಿಗೆ ತಿಳಿ ದ್ರವದ ಲೆಕ್ಕಕ್ಕೆ ಬರೋದಿಲ್ಲ. ಕೆಂಪು ಬಣ್ಣದ ಪಾನೀಯ ಬೇಡ, ಆಮೇಲೆ ಅದನ್ನು ರಕ್ತ ಅಂದುಕೊಳ್ಳುವ ಸಾಧ್ಯತೆ ಇದೆ.

ಮಧ್ಯಾಹ್ನ ಅಡುಗೆಮನೆ ಕಟ್ಟೆ ಮೇಲೆ ದೊಡ್ಡಮ್ಮ ಸ್ಟೀಲಿನ ಬಿಂದಿಗೆಯಲ್ಲಿ ಎರಡು ಲೀಟರ್ ಅಳೆದು ಕಲಸಿದರು. ಪಕ್ಕದಲ್ಲಿ ಹಳೇ ಕ್ಯಾಲೆಂಡರಿನ ಹಾಳೆ, ಒಂದೊಂದು ಲೋಟಕ್ಕೆ ಒಂದೊಂದು ಗೀಟು. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ಮೂರನೇ ಲೋಟದ ಹೊತ್ತಿಗೆ ದೊಡ್ಡಪ್ಪನ ಮುಖ ಹುಳ್ಳಗಾಯಿತು. ಉಪ್ಪುಪ್ಪಾದ, ಒಂಥರಾ ಜಾರುವ ರುಚಿ ಅದು. ತಣ್ಣಗೆ ಮಾಡಿದರೆ ಕುಡಿಯೋದು ಸುಲಭ, ಸ್ಟ್ರಾ ಹಾಕಿ ನಾಲಿಗೆಯ ಹಿಂದಕ್ಕೆ ಎಳೆದುಕೊಂಡರೆ ಇನ್ನೂ ಸುಲಭ. ಲೋಟಗಳ ಮಧ್ಯೆ ಹಜಾರದಲ್ಲಿ ಓಡಾಡಿದರೆ ಹೊಟ್ಟೆ ಉಬ್ಬರ ಕಡಿಮೆಯಾಗುತ್ತದೆ. ವಾಕರಿಕೆ ಜಾಸ್ತಿಯಾದರೆ ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮುಂದುವರಿಸಬಹುದು. ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಶುರುವಾಗುತ್ತದೆ, ಶುರುವಾದರೆ ಪದೇ ಪದೇ. ವಯಸ್ಸಾದವರಾದರೆ ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಲೈಟ್ ಇರಲಿ, ನೆಲ ಒಣಗಿರಲಿ, ಒಬ್ಬರು ಎಚ್ಚರ ಇರಲಿ. ತಲೆಸುತ್ತಿ ಬೀಳೋದು ನಿಜವಾದ ಅಪಾಯ. ಉರಿಗೆ ಸ್ವಲ್ಪ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸಾಕು.

ಮೊದಲ ನಾಲ್ಕು ಸಲ ನೀರಾಗಿ ಹೋದ ತಕ್ಷಣ ಸಾಕು ಅಂತ ನಿಲ್ಲಿಸುವವರಿದ್ದಾರೆ. ನಿಲ್ಲಿಸಬಾರದು, ಹೇಳಿದಷ್ಟೂ ಕುಡಿಯಬೇಕು. ಕೊನೆಗೆ ಮೂತ್ರದ ಬಣ್ಣದ ತಿಳಿನೀರು ಬರಬೇಕು, ಅದರಲ್ಲಿ ಕಣಗಳಿರಬಾರದು.

ಯಾರು ಮೊದಲೇ ಕೇಳಬೇಕು

ಗಡ್ಡೆಯಿಂದ ಕರುಳಿನ ದಾರಿ ಮುಚ್ಚಿಹೋಗಿದ್ದರೆ ಈ ಪೌಡರ್ ಕುಡಿಯಲೇಬಾರದು. ಮುಂದೆ ದಾರಿ ಇಲ್ಲದ ಪೈಪಿಗೆ ಮೋಟಾರ್ ಹಾಕಿದ ಹಾಗೆ. ಹೊಟ್ಟೆ ಬಿಗಿದು ಉಬ್ಬಿದ್ದರೆ, ವಾಂತಿ ಆಗುತ್ತಿದ್ದರೆ, ಗಾಳಿಯೂ ಹೋಗುತ್ತಿಲ್ಲವಾದರೆ ನಿಲ್ಲಿಸಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದವರು ಔಷಧಿ ಅಂಗಡಿಯಲ್ಲಿ ಕೇಳಿ ಬೇರೆ ಬ್ರ್ಯಾಂಡ್ ತಗೋಬಾರದು, ಯಾಕಂದ್ರೆ ಸೋಡಿಯಂ ಫಾಸ್ಫೇಟ್ ಇರುವ ಇನ್ನೊಂದು ಜಾತಿಯ ಔಷಧ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.

ಸಕ್ಕರೆ ಕಾಯಿಲೆಯವರು ಊಟ ಬಿಟ್ಟು ಎಂದಿನ ಮಾತ್ರೆ, ಇನ್ಸುಲಿನ್ ತಗೊಂಡರೆ ಸಕ್ಕರೆ ಕುಸಿಯುತ್ತದೆ. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಥರದವನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಮಾತ್ರೆ, ಕಬ್ಬಿಣದ ಮಾತ್ರೆ ಬಗ್ಗೆಯೂ ಡಾಕ್ಟರನ್ನೇ ಕೇಳಿ. ಪೌಡರ್ ಕುಡಿಯುವ ಹೊತ್ತಿಗೇ ನುಂಗಿದ ಮಾತ್ರೆ ಮೈಗೆ ಹತ್ತದೆ ಹರಿದುಹೋಗಬಹುದು, ಹಾಗಾಗಿ ದಿನನಿತ್ಯದ ಮಾತ್ರೆಗಳ ಹೊತ್ತು ಬರೆಸಿಕೊಳ್ಳಿ. ಮೆಟ್ರೊನಿಡಜೋಲ್ ಜೊತೆ ಮದ್ಯ ಬೇಡ. ಮೊದಲೇ ಹೊಟ್ಟೆಗೆ ಬ್ಯಾಗ್ ಹಾಕಿರುವವರಿಗೆ ಬಾಯಿಂದ ಕುಡಿದದ್ದು ಬ್ಯಾಗಿನ ತನಕ ಮಾತ್ರ ಹೋಗುತ್ತದೆ, ಅದರ ಕೆಳಗಿನ ಭಾಗವನ್ನು ಬೇರೆಯಾಗಿ ತೊಳೆಯಬೇಕು.

ಬೆಳಿಗ್ಗೆ ಅಡ್ಮಿಟ್ ಆದಾಗ ಸಿಸ್ಟರ್ "ಹೊಟ್ಟೆ ಕ್ಲೀನ್ ಆಯ್ತಾ?" ಅಂತ ಕೇಳುತ್ತಾರೆ. ಎಷ್ಟೋ ಜನ ಮುಜುಗರಕ್ಕೆ, ಆಪರೇಷನ್ ಮುಂದಕ್ಕೆ ಹೋಗುತ್ತೇನೋ ಅನ್ನೋ ಭಯಕ್ಕೆ "ಹೂಂ" ಅಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಅರೆಬರೆ ಖಾಲಿಯಾದ ಕರುಳಲ್ಲಿ ಮಲ ಗಟ್ಟಿಯಾಗಿರದೆ ಬಗ್ಗಡದ ನೀರಿನ ಹಾಗಿರುತ್ತದೆ, ಕತ್ತರಿಸಿದಾಗ ಗಟ್ಟಿ ಮಲಕ್ಕಿಂತ ಬೇಗ ಚೆಲ್ಲುತ್ತದೆ. ಎಷ್ಟು ಲೋಟ ಕುಡಿದಿರಿ, ವಾಂತಿ ಆಯಿತಾ, ಕೊನೇ ಸಲ ಯಾವ ಬಣ್ಣ ಇತ್ತು, ಇದ್ದದ್ದು ಇದ್ದ ಹಾಗೆ ಹೇಳಿ. ಎನಿಮಾ ಕೊಟ್ಟು ಸರಿಮಾಡಲು ಆಗ ಇನ್ನೂ ಹೊತ್ತಿರುತ್ತದೆ. ದೊಡ್ಡಪ್ಪ ಕ್ಯಾಲೆಂಡರ್ ಹಾಳೆಯನ್ನೇ ಮಡಚಿ ಜೇಬಲ್ಲಿಟ್ಟುಕೊಂಡು ಹೋಗಿದ್ದರು. ಎಂಟು ಗೀಟು, ಕೊನೆಯದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ "ತಿಳಿ" ಅಂತ ಬರೆದಿತ್ತು. ಸಿಸ್ಟರ್ ಅದನ್ನು ನೋಡಿ ಫೈಲಿಗೆ ಸೇರಿಸಿಕೊಂಡರು.